ಬೈಸಿಕೊಳ್ಳಲು ಹೊರಟ ಮುಚ್ಚಳ ಮೇಡಂ

ಊರಿನ ನೀರಿನ ಇಲಾಖೆಯಲ್ಲಿ ಆಕೆಯ ಹುದ್ದೆಗೆ ಮಾರುದ್ದದ ಹೆಸರಿತ್ತು. ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಒಂದು ಬಕೆಟ್ ತುಂಬಿ ಚೆಲ್ಲುತ್ತದೆ ಎಂದು ಆಕೆಯ ಅತ್ತೆ ಗೇಲಿ ಮಾಡುತ್ತಿದ್ದರು. ಜನ ಅಷ್ಟು ಹೊತ್ತು ಕಾಯುವವರಲ್ಲ. ‘ಮುಚ್ಚಳ ಮೇಡಂ’ ಎಂದು ಹೆಸರಿಟ್ಟು ಕೆಲಸ ಮುಗಿಸಿದ್ದರು. ಹೆಸರಿಗೆ ಕಾರಣ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಮೇಡಂ ರಸ್ತೆಯಲ್ಲಿ ನಡೆಯುವಾಗ ಎದುರು ಬಂದವರ ಮುಖ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು. ರಸ್ತೆಯಲ್ಲಿ ವಾಲ್ವಿನ ಗುಂಡಿಗೆ ಮುಚ್ಚಿದ ಕಬ್ಬಿಣದ ಮುಚ್ಚಳ ಕಂಡರೆ ಸಾಕು, ಅಲ್ಲಿ ನಿಂತು ಚಪ್ಪಲಿಯ ಹಿಮ್ಮಡಿಯಿಂದ ಒಮ್ಮೆ ತಟ್ಟಲೇಬೇಕು. ಮುಚ್ಚಳ ಸಡಿಲವಾಗಿ ಕಡಕಡ ಎಂದರೆ ಅಂದೇ ಇಲಾಖೆಯಲ್ಲಿ ಯಾರಿಗಾದರೂ ಗ್ರಹಚಾರ ಕಾದಿದೆ ಎಂದರ್ಥ.

ಗಂಡ ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರು. ಸಿನಿಮಾಕ್ಕೆಂದು ಇಬ್ಬರೂ ಹೊರಟರೆ ಅರ್ಧ ದಾರಿಯಲ್ಲೇ ಅವರು ಒಬ್ಬರೇ ಮಾತಾಡಿಕೊಂಡು ಮುಂದೆ ಹೋಗಿರುತ್ತಿದ್ದರು. ತಿರುಗಿ ನೋಡಿದರೆ ಹೆಂಡತಿ ಹಿಂದೆಲ್ಲೋ ಕುಕ್ಕರಗಾಲಲ್ಲಿ ಕೂತು ಮುಚ್ಚಳದ ಅಂಚು ಸವರುತ್ತಿರುತ್ತಿದ್ದರು.

“ನನ್ನ ಮುಖಕ್ಕಿಂತ ಆ ಮುಚ್ಚಳದ ಮುಖಾನೇ ನಿನಗೆ ಚೆನ್ನಾಗಿ ಗೊತ್ತು ಕಣೇ” ಎಂದು ಅವರು ಮುನಿಸಿಕೊಂಡರೆ ಮೇಡಂ ಸೀರೆ ಕೊಡವಿಕೊಂಡು ಏಳುತ್ತ, “ಅದಾದ್ರೂ ಸದಾ ಬಾಯಿ ಮುಚ್ಕೊಂಡಿರುತ್ತೆ” ಎನ್ನುತ್ತಿದ್ದರು. ಮೇಷ್ಟ್ರು ಅದನ್ನು ಸಹೋದ್ಯೋಗಿಗಳಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಅಂಥ ಹೆಂಡತಿ ತಮಗೆ ಸಿಕ್ಕಿದ್ದಾಳೆಂಬ ಹೆಮ್ಮೆಯನ್ನು ಅವರಿಗೆ ಮುಚ್ಚಿಡಲಾಗುತ್ತಿರಲಿಲ್ಲ.

ನೀರಿನ ಕೆಲಸದ ಹುಚ್ಚು ಆಕೆಗೆ ಹತ್ತಿದ್ದು ಶಾಲೆಗೆ ಹೋಗುವ ವಯಸ್ಸಿನಲ್ಲಿ. ಶಾಲೆಯಲ್ಲಿ ಫೋಟೋ ತೆಗೆಯುವ ದಿನ ಬೆಳಗ್ಗೆ ತಲೆ ತುಂಬ ಸಾಬೂನು ಹಚ್ಚಿಕೊಂಡು ಕೂತಿದ್ದಾಗ ನಲ್ಲಿ ಗೊರಗೊರ ಎಂದು ನಿಂತುಹೋಯಿತು. ಮನೆಯಲ್ಲಿ ಹನಿ ನೀರಿಲ್ಲ. ತಾಯಿ ಒದ್ದೆ ಟವೆಲಿನಲ್ಲಿ ಒರೆಸಿದ್ದಷ್ಟೇ ಬಂತು. ಫೋಟೋದಲ್ಲಿ ಎಲ್ಲ ಹುಡುಗಿಯರ ನಡುವೆ ಈಕೆಯ ಕೂದಲು ಮುಳ್ಳುಹಂದಿಯ ಹಾಗೆ ಸೆಟೆದು ನಿಂತಿತ್ತು. ಬೇರೆ ಹುಡುಗಿಯಾಗಿದ್ದರೆ ಅಳುತ್ತಿದ್ದಳು. ಈಕೆ, “ನೀರು ನಿಲ್ಲಿಸಿದ್ದು ಯಾರು? ನಿಲ್ಲಿಸ್ತೀನಿ ಅಂತ ಯಾಕೆ ಹೇಳ್ಲಿಲ್ಲ?” ಎಂದು ವಾರಗಟ್ಟಲೆ ಕಂಡಕಂಡವರ ತಲೆ ತಿಂದಳು. ಉತ್ತರ ಯಾರಿಗೂ ಗೊತ್ತಿರಲಿಲ್ಲ. ದೊಡ್ಡವಳಾದ ಮೇಲೆ ತಾನೇ ಹೋಗಿ ನೀರು ನಿಲ್ಲಿಸುವವರ ಕುರ್ಚಿಯಲ್ಲಿ ಕೂತಳು.

ಅದಕ್ಕೇ ಇರಬೇಕು, ಎಂಜಿನಿಯರ್ ಆಗಿ ಇಲಾಖೆ ಸೇರಿದ ಮೇಲೆ ಮೇಡಂ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಯಾವ ಬೀದಿಯ ವಾಲ್ವ್ ಮುಚ್ಚಬೇಕಾದರೂ ಮೊದಲು ಆ ಬೀದಿಯ ಪ್ರತಿ ಮನೆಯ ಬಾಗಿಲು ತಟ್ಟುವುದು. “ನೀರು ನಿಲ್ಲಿಸ್ತಾ ಇದೀವಿ, ತುಂಬಿಸ್ಕೊಳ್ಳಿ” ಎಂದು ಹೇಳುವುದು. ಕೊನೆಯ ಮನೆಯವರು ಆಯಿತು ಎಂದ ಮೇಲೇ ವಾಲ್ವಿನವನಿಗೆ ಸನ್ನೆ ಮಾಡುವುದು. ಇದರಿಂದ ಬೇಗ ಆಗುವ ಕೆಲಸ ತಡವಾಗುತ್ತಿತ್ತು, ಗುತ್ತಿಗೆದಾರರು ಹಲ್ಲು ಕಡಿಯುತ್ತಿದ್ದರು. “ಸ್ನಾನದ ಮಧ್ಯೆ ನಿಮ್ಮ ಮನೆ ನಲ್ಲಿ ನಿಲ್ಲಿಸಿ ನೋಡ್ಲಾ?” ಎಂದು ಮೇಡಂ ಕೇಳಿದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಇನ್ನು ಸೋರಿಕೆ ಹುಡುಕುವ ಕೆಲಸ. ಮೇಡಂ ಕೈಯಲ್ಲಿ ಒಂದು ಸಪೂರ ಕಬ್ಬಿಣದ ಕೋಲು. ಅದರ ಒಂದು ತುದಿಯನ್ನು ಗುಂಡಿಯೊಳಗಿನ ಪೈಪಿನ ಮೇಲಿಟ್ಟು ಇನ್ನೊಂದು ತುದಿಗೆ ಕಿವಿ ಕೊಟ್ಟು ಕಣ್ಣು ಮುಚ್ಚುತ್ತಿದ್ದರು. ಒಳಗೆ ಎಲ್ಲ ಸರಿಯಿದ್ದರೆ ಗುಂಯ್ ಎಂಬ ಸದ್ದು, ಎಲ್ಲೋ ಸೋರುತ್ತಿದ್ದರೆ ಉಸ್ ಎಂಬ ಸದ್ದು. ನಡುಬೀದಿಯಲ್ಲಿ ಹೀಗೆ ಬಾಗಿ ನಿಂತ ಹೆಂಗಸನ್ನು ನೋಡಿ ಹೊಸಬರು ಬೆಚ್ಚುತ್ತಿದ್ದರು. ಒಬ್ಬ ಕುಡುಕ ಬಂದು ತಾನೂ ಬಾಗಿ, “ಏನಂತೆ ಅಮ್ಮಾ?” ಎಂದು ಪಿಸುಗುಟ್ಟಿದನಂತೆ. “ನಿನ್ನ ಮನೆಗೆ ಹೋಗು ಅಂತಿದೆ” ಎಂದರಂತೆ ಮೇಡಂ. ಅವನು ಕೈಮುಗಿದು ಹೊರಟೇಹೋದ.

ಮೇಡಂ ಸುಪರ್ದಿಯಲ್ಲಿದ್ದ ಬೀದಿಗಳಲ್ಲಿ ಅವರಿಗೆ ಹೆಚ್ಚು ತಲೆನೋವು ಕೊಟ್ಟಿದ್ದು ಏರುಬೀದಿ, ಅವರನ್ನು ಹೆಚ್ಚು ಹಚ್ಚಿಕೊಂಡಿದ್ದೂ ಅದೇ ಬೀದಿ. ಹೆಸರೇ ಹೇಳುವಂತೆ ಅದು ದಿಬ್ಬ ಹತ್ತುವ ಬೀದಿ. ಎರಡೂ ಕಡೆ ಒತ್ತೊತ್ತಾಗಿ ಮಹಡಿ ಮನೆಗಳು, ಕೆಳಗೆ ಅಂಗಡಿ, ಮೇಲೆ ಸಂಸಾರ. ರಸ್ತೆಯ ಕೆಳಗಿನ ಮುಖ್ಯ ಪೈಪು ಈಗಿನವರ ಅಜ್ಜಂದಿರ ಕಾಲದ್ದು, ಬೀಡು ಕಬ್ಬಿಣದ್ದು. ಅದರ ಒಂದು ತುಂಡು ಹಿಂದೊಮ್ಮೆ ಕತ್ತರಿಸಿ ತೆಗೆದಾಗ ನೋಡಿದರೆ ಹೊರಗಿನಿಂದ ತೊಡೆಯಷ್ಟು ದಪ್ಪ, ಒಳಗೆ ತುಕ್ಕು ಕಟ್ಟಿ ಕಟ್ಟಿ ಹೆಬ್ಬೆರಳು ತೂರುವಷ್ಟೇ ಜಾಗ ಉಳಿದಿತ್ತು. ಒತ್ತಡ ಹೆಚ್ಚಿಸಿದರೆ ಕೀಲುಗಳು ಬಾಯಿ ಬಿಡುತ್ತವೆ, ಕಡಿಮೆ ಮಾಡಿದರೆ ದಿಬ್ಬದ ಮೇಲಕ್ಕೆ ನೀರು ಏರುವುದಿಲ್ಲ. ಪೈಪು ಬದಲಾಯಿಸದೆ ಬೇರೆ ದಾರಿಯೇ ಇರಲಿಲ್ಲ.

ಆ ಬೀದಿಯಲ್ಲಿ ಒಮ್ಮೆ ಪೈಪು ಒಡೆದಾಗ ಮೇಡಂ ಕೂಲಿಯವರೊಂದಿಗೆ ಗುಂಡಿಗಿಳಿದು ಸೊಂಟದವರೆಗಿನ ಕೆಸರಿನಲ್ಲಿ ನಿಂತಿದ್ದರು. ಮೇಲೆ ಬಂದಾಗ ಸೀರೆಯ ಬಣ್ಣ ಯಾವುದೆಂದು ಹೇಳಲಾಗುತ್ತಿರಲಿಲ್ಲ. ಇಸ್ತ್ರಿ ಅಂಗಡಿಯ ಹೆಂಗಸು, ಎಲ್ಲರ ಬಾಯಲ್ಲೂ ಇಸ್ತ್ರಿಯಕ್ಕ, ಅವರನ್ನು ಒಳಗೆಳೆದುಕೊಂಡು ಹೋಗಿ ತನ್ನ ಸೀರೆ ಉಡಿಸಿ ಕಳಿಸಿದ್ದಳು. ಅಂದಿನಿಂದ ಆ ಬೀದಿಗೆ ಮೇಡಂ ಹೊರಗಿನವರಲ್ಲ. ಅವರಿಗಿಂತ ಮುಂಚೆ ಇದ್ದ ಎಂಜಿನಿಯರ್ ಸಾಹೇಬರು ಫೋನ್ ಎತ್ತುತ್ತಿರಲಿಲ್ಲ, ಎತ್ತಿದರೆ ಗದರುತ್ತಿದ್ದರು. ಬೀದಿಯವರೆಲ್ಲ ಒಟ್ಟಾಗಿ ದೂರು ಕೊಟ್ಟಿದ್ದೇ ತಡ, ಸಾಹೇಬರಿಗೆ ಎತ್ತಂಗಡಿಯಾಯಿತು. ಬೀದಿಯವರು ಇದರಿಂದ ಒಂದು ಪಾಠ ಕಲಿತಿದ್ದರು. ಆ ಪಾಠವೇ ಮುಂದೆ ಅವರ ಕಾಲಿಗೆ ತೊಡರಿಕೊಂಡಿತು.

ಜನರನ್ನು ಕೇಳದೆ ನೆಲ ಅಗೆಯಬಾರದು, ಯಾವ ಬೀದಿಗೆ ಎಂಥ ಸೇವೆ ಬೇಕು ಎಂದು ಅಲ್ಲಿಯವರೇ ಹೇಳಬೇಕು ಎಂದು ಮೇಡಂ ಇಲಾಖೆಯಲ್ಲಿ ವರ್ಷಾನುಗಟ್ಟಲೆ ಜಗಳವಾಡಿದ್ದರು. ಕೊನೆಗೆ ದೊಡ್ಡ ಸಾಹೇಬರು, ಅಂದರೆ ಮುಖ್ಯ ಎಂಜಿನಿಯರು, ಒಪ್ಪಿದರು. ಈ ವರ್ಷ ಹೊಸ ಪೈಪು ಇರುವುದು ಒಂದೇ ಬೀದಿಗೆ, ಅದು ಯಾರಿಗೆಂದು ಜನರ ಅಭಿಪ್ರಾಯದ ಮೇಲೆ ತೀರ್ಮಾನ ಎಂದು ಆದೇಶ ಹೊರಟಿತು. ಅಭಿಪ್ರಾಯ ಕೇಳುವ ಹೊಣೆ ಮೇಡಂ ಹೆಗಲಿಗೇ ಬಿತ್ತು. ಆದೇಶದಲ್ಲಿದ್ದ ಪ್ರಶ್ನೆ ಹೀಗಿತ್ತು: ‘ಪ್ರಸ್ತುತ ಸೇವಾ ಮಟ್ಟದ ಬಗ್ಗೆ ತಮ್ಮ ಅಭಿಪ್ರಾಯವೇನು?’

ಮೊದಲ ಸಭೆಯಲ್ಲಿ ಮೇಡಂ ಇದನ್ನು ಓದಿದಾಗ ಮುದುಕರೊಬ್ಬರು ಕಿವಿಗೆ ಕೈ ಹಿಡಿದು, “ಏನಮ್ಮಾ, ನಮ್ಮನ್ನ ಮಟ್ಟ ಹಾಕೋಕೆ ಬಂದಿದೀರಾ?” ಎಂದು ಕೇಳಿಯೇಬಿಟ್ಟರು. ಸಭೆಗೆ ಸಭೆಯೇ ನಕ್ಕಿತು. ಮೇಡಂ ಕೂಡ ನಕ್ಕು, ಆ ಕಾಗದ ಮಡಿಚಿಟ್ಟು, ಎಲ್ಲರಿಗೂ ತಿಳಿಯುವ ಹಾಗೆ ತಾವೇ ಒಂದು ಪ್ರಶ್ನೆ ಮಾಡಿಕೊಂಡರು: “ಈಗ ಬರೋ ನೀರು ಸಾಕಾ?”

ಅದಕ್ಕಿಂತ ಸರಳವಾಗಿ ಕೇಳಲು ಸಾಧ್ಯವೇ ಇಲ್ಲ ಎಂದು ಅವರಿಗೆ ಒಳಗೊಳಗೇ ಜಂಬ. ದೊಡ್ಡ ಸಾಹೇಬರೂ ಮೆಚ್ಚಿಕೊಂಡು, ಎಲ್ಲ ಬೀದಿಗಳಲ್ಲೂ ಹೀಗೇ ಕೇಳಿ ಎಂದರು. ಅಂಗಡಿ ಹೋಟೆಲುಗಳ ಪೇಟೆಬೀದಿಯಲ್ಲಿ ಕೇಳಿದಾಗ ಅಲ್ಲಿಯ ಹೋಟೆಲ್ ಮಾಲೀಕರೊಬ್ಬರು ಎದ್ದು ನಿಂತು ಗಂಟಲು ಹರಿಯುವ ಹಾಗೆ ಕೂಗಿದರು. ಸಾಕಾಗಲ್ಲ, ಬರೋದೂ ಚಹಾದ ಬಣ್ಣದ ನೀರು, ಗಿರಾಕಿಗಳು ಓಡಿಹೋಗ್ತಾರೆ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಏರುಬೀದಿಯ ಸಭೆ ಮಾತ್ರ ಚಹಾ ಕುಡಿಯುವಷ್ಟರಲ್ಲಿ ಮುಗಿದುಹೋಯಿತು. ಮೇಡಂ ಕೇಳಿದರು, “ಸಾಕಾ?” ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಸ್ತ್ರಿಯಕ್ಕ ಎಲ್ಲರಿಗಿಂತ ಮೊದಲು, “ಸಾಕು ಮೇಡಂ, ಸಾಕು” ಎಂದಳು. ಉಳಿದವರೆಲ್ಲ ಹೌದೌದೆಂದು ತಲೆಯಾಡಿಸಿದರು.

ಮೇಡಂಗೆ ಏನೋ ಸರಿಯಿಲ್ಲವೆನ್ನಿಸಿತು. ದೊಡ್ಡ ಸಾಹೇಬರ ಕೋಣೆಗೆ ಹೋಗಿ, “ಸಾರ್, ಆ ಪೈಪು ನಾನು ಕಣ್ಣಾರೆ ನೋಡಿದೀನಿ. ಅದರಲ್ಲಿ ನೀರು ಸಾಕಾಗೋಕೆ ಸಾಧ್ಯವೇ ಇಲ್ಲ” ಎಂದರು.

ಸಾಹೇಬರು ಕೆಟ್ಟವರಲ್ಲ. ಕನ್ನಡಕ ತೆಗೆದು ನಿಧಾನವಾಗಿ ಕೇಳಿದರು. “ಪೈಪಿನ ಮಾತು ಬಿಟ್ಟು ಜನರ ಮಾತು ಕೇಳಿ ಅಂತ ನನ್ನ ಹತ್ತಿರ ಇಷ್ಟು ವರ್ಷ ಜಗಳ ಆಡಿದ್ದು ಯಾರಮ್ಮಾ?”

ಮೇಡಂ ಕುರ್ಚಿ ಎಳೆದು ಕೂತರು. ಸಾಹೇಬರು ಕನಿಕರದಿಂದ, “ಪೇಟೆಬೀದಿಗೆ ಅಂತ ಬರೆದಾಗಿದೆ. ಆಕ್ಷೇಪಣೆ ಕೇಳೋಕೆ ಮುಂದಿನ ವಾರ ಇನ್ನೊಂದು ಸಭೆ ಇದೆ. ಏರುಬೀದಿಯವರಿಗೆ ಬೇಕಿದ್ರೆ ಅಲ್ಲಿ ಬಂದು ಹೇಳ್ಲಿ. ಅವರೇ ಹೇಳ್ಬೇಕು, ನೀವಲ್ಲ” ಎಂದರು. ಆ ಸಭೆ ಮುಗಿದರೆ ಪೈಪುಗಳು ಪೇಟೆಬೀದಿಗೆ ಇಳಿಯುತ್ತವೆ. ಏರುಬೀದಿಯ ಸರದಿ ಮತ್ತೆ ಯಾವಾಗ ಬರುತ್ತದೋ ಹೇಳುವವರಿಲ್ಲ.

ಮರುದಿನ ಬೆಳಗ್ಗೆ ಮೇಡಂ ಕಚೇರಿಗೆ ಹೋಗದೆ ನೆಟ್ಟಗೆ ಏರುಬೀದಿ ಹತ್ತಿದರು. ಅಪರೂಪಕ್ಕೆ ಅಂದು ತಲೆಯೆತ್ತಿಕೊಂಡು ನಡೆದರು. ಇಸ್ತ್ರಿ ಅಂಗಡಿಯ ಪಕ್ಕದ ಅಂಗಳದಲ್ಲಿ, ರಸ್ತೆಗೆ ಕಾಣುವ ಹಾಗೆ, ನೆಲದಿಂದ ಮೊಣಕಾಲೆತ್ತರಕ್ಕೆ ಒಂದು ನಲ್ಲಿ. ಅದರ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇಸ್ತ್ರಿಯಕ್ಕನ ಮಾವ, ಮೈಮೇಲೆ ಒಂದು ಟವೆಲ್ ಬಿಟ್ಟರೆ ಏನೂ ಇಲ್ಲದೆ, ಸಾಬೂನು ನೊರೆಯಲ್ಲಿ ಕೂತಿದ್ದರು. ಸೊಸೆ ಹಿಂದೆ ನಿಂತು ಚೊಂಬಿನಿಂದ ನೀರು ಹೊಯ್ಯುತ್ತಿದ್ದಳು. ನಲ್ಲಿಯ ನೀರು ದಾರದ ಎಳೆಯಂತೆ ಬಕೆಟ್ಟಿಗೆ ಬೀಳುತ್ತಿತ್ತು. ಮುದುಕರು ಒಂದು ಕಾಲದಲ್ಲಿ ಊರಿನ ಅಂಚೆಯಣ್ಣ, ಮನೆಮನೆಗೂ ನಡೆದು ಕಾಗದ ಹಂಚಿದವರು. ಈಗ ಮೊಣಕಾಲು ಕೈಕೊಟ್ಟಿತ್ತು. ಕೋಲು ಹಿಡಿದು ಕೋಣೆಯೊಳಗೆ ನಾಲ್ಕು ಹೆಜ್ಜೆ ಹಾಕಬಲ್ಲರು, ಮೆಟ್ಟಿಲು ಮಾತ್ರ ಆಗದು. ರಸ್ತೆಯಲ್ಲಿ ಹೋಗುವವರೆಲ್ಲ ಅಭ್ಯಾಸದಂತೆ, “ನಮಸ್ಕಾರ ಅಂಚೆಯಣ್ಣ” ಎನ್ನುತ್ತಿದ್ದರು. ಅವರು ಕಣ್ಣಿನ ಸಾಬೂನು ಒರೆಸಿಕೊಂಡು, ಯಾರೆಂದು ನೋಡಿ, ಒಂದು ಕೈಯಲ್ಲಿ ಟವೆಲ್ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ನಮಸ್ಕಾರ ಮಾಡುತ್ತಿದ್ದರು.

ಮೇಡಂ ಥಟ್ಟನೆ ಬೆನ್ನು ತಿರುಗಿಸಿ ನಿಂತರು.

“ಬನ್ನಿ ಮೇಡಂ” ಎಂದರು ಅಂಚೆಯಣ್ಣ. “ಎದ್ದು ನಿಂತು ಮರ್ಯಾದೆ ಕೊಡೋ ಸ್ಥಿತೀಲಿ ಇಲ್ಲ ನಾನು. ಎದ್ರೆ ಇಬ್ಬರ ಮರ್ಯಾದೇನೂ ಹೋಗುತ್ತೆ.”

ಮೇಡಂ ಗೋಡೆಗೆ ಮುಖ ಮಾಡಿಕೊಂಡೇ ಕೇಳಿದರು. “ಅಂಚೆಯಣ್ಣ, ಮೇಲೆ ಮಹಡೀಲಿ ಬಚ್ಚಲುಮನೆ ಇದೆಯಲ್ಲ?”

“ಇದೆ” ಎಂದಳು ಇಸ್ತ್ರಿಯಕ್ಕ. “ಅದರಲ್ಲಿ ಗಿರಾಕಿಗಳ ಬಟ್ಟೆ ಗಂಟು ಇಟ್ಟಿದೀನಿ. ಅಲ್ಲಿಗೆ ನೀರು ಹತ್ತಿದ್ದು ಯಾವ ಕಾಲದಲ್ಲೋ. ಬೆಳಗ್ಗೆ ಇವರ ಮಗ, ಪಕ್ಕದ ಮನೆಯೋರು ಸೇರಿ ಕುರ್ಚಿ ಸಮೇತ ಇಳಿಸಿ ಹೋಗ್ತಾರೆ. ಸಂಜೆ ಮತ್ತೆ ಹತ್ತಿಸ್ತಾರೆ.”

“ನೀರು ಹೊತ್ತು ತಂದು ಕೊಡ್ತೀನಿ ಅಂತಾಳೆ ಸೊಸೆ” ಎಂದರು ಅಂಚೆಯಣ್ಣ. “ದಿನವಿಡೀ ನಿಂತು ಇಸ್ತ್ರಿ ಮಾಡೋ ಬೆನ್ನು. ಅದನ್ನೂ ಮುರಿದು ನಾನು ಸ್ನಾನ ಮಾಡ್ಲಾ? ಬೇಡ ಅಂದೆ.” ಆಮೇಲೆ ನಗುತ್ತ, “ಕಾಗದ ಕೊಡುವಾಗ ಊರೆಲ್ಲ ನನ್ನ ಮುಖ ನೋಡಿತ್ತು ಮೇಡಂ. ಈಗ ಬೆನ್ನೂ ನೋಡಿಯಾಯ್ತು” ಎಂದರು.

ಮೇಡಂ ನಗಲಿಲ್ಲ. ಹಿಂದೆ ನೀರು ಹೊಯ್ಯುವ ಸದ್ದು ನಿಂತಿತು. ಮುದುಕರು ದನಿ ತಗ್ಗಿಸಿ, “ಬಾಗಿಲು ಹಾಕ್ಕೊಂಡು ಸ್ನಾನ ಮಾಡಿ ಎಷ್ಟು ಕಾಲ ಆಯ್ತೋ” ಎಂದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಮಾವನಿಗೆ ಬಟ್ಟೆ ತೊಡಿಸಿ ಕೂರಿಸಿ ಇಸ್ತ್ರಿಯಕ್ಕ ಅಂಗಡಿಗೆ ಬಂದಾಗ ಮೇಡಂ ಅಲ್ಲೇ ಕಾಯುತ್ತಿದ್ದರು.

“ಮೊನ್ನೆ ಅಷ್ಟು ಜನರ ಮುಂದೆ ಸಾಕು ಅಂದ್ಯಲ್ಲೇ? ಇದು ಸಾಕಾ?”

ಇಸ್ತ್ರಿಯಕ್ಕ ಇಸ್ತ್ರಿ ಪೆಟ್ಟಿಗೆಯ ಕೆಂಡ ಕೆದಕಿದಳು. ಆಮೇಲೆ ಸಿಡುಕಿದಳು. “ಮತ್ತೇನು ಅನ್ಬೇಕಿತ್ತು? ಸಾಲದು ಅಂದ್ರೆ ಅದು ದೂರು. ದೂರು ಕೊಟ್ರೆ ಎತ್ತಂಗಡಿ. ಹಿಂದಿನ ಸಾಹೇಬ್ರನ್ನ ನಾವೇ ತಾನೆ ಕಳಿಸಿದ್ದು? ನಿಮ್ಮನ್ನೂ ಕಳಿಸಿಬಿಟ್ರೆ? ನೀರು ಹೇಗೋ ಹೊಂದಿಸ್ಕೋತೀವಿ. ಬಾಗಿಲು ತಟ್ಟಿ ಹೇಳೋರು ಇನ್ನೊಬ್ಬರು ಸಿಗ್ತಾರಾ?” ಬೀದಿಯವರೆಲ್ಲ ಸಭೆಯ ಹಿಂದಿನ ದಿನವೇ ಸೇರಿ ಮಾತಾಡಿಕೊಂಡಿದ್ದರಂತೆ. ಮೇಡಂ ಕೇಳಿದಾಗ ಎಲ್ಲರೂ ಒಂದೇ ಬಾಯಿಯಿಂದ ಸಾಕು ಎನ್ನಬೇಕೆಂದು.

ಮೇಡಂ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಊಟಕ್ಕೆ ಕರೆದವರು ಇನ್ನಷ್ಟು ಬಡಿಸಲಾ ಎಂದಾಗ, ಪಾತ್ರೆಯ ತಳ ಕಂಡು ನೆಂಟರು ತಟ್ಟೆಗೆ ಕೈ ಅಡ್ಡ ಹಿಡಿದು ಹೇಳುವ ‘ಸಾಕು’ ಅದು. ಅದನ್ನು ಅವರು ಹೊಟ್ಟೆ ತುಂಬಿದ ಸಾಕು ಎಂದು ಬರೆದುಕೊಂಡು ಬಂದಿದ್ದರು. ನೆಲದಡಿಯ ಪೈಪು ಉಸ್ ಎಂದರೆ ಕೇಳಿಸುವ ಕಿವಿಗೆ ಎದುರು ಕೂತವರ ಮಾತು ಕೇಳಿಸಿರಲಿಲ್ಲ. ಅವರಿಗೆ ತಮ್ಮ ಮೇಲೇ ಕೋಪ ಬಂತು, ಆ ಬೀದಿಯ ಮೇಲೆ ಅಳು ಬರುವಷ್ಟು ಪ್ರೀತಿಯೂ ಬಂತು.

“ನೋಡು” ಎಂದರು ಕೊನೆಗೆ. “ನನ್ನ ಮೇಲೆ ಪ್ರೀತಿ ಇದ್ರೆ ಮುಂದಿನ ವಾರ ಸಭೆಗೆ ಬಂದು ನನ್ನನ್ನ ಬೈಬೇಕು. ದೊಡ್ಡ ಸಾಹೇಬ್ರ ಮುಂದೆ. ಬಾಯಿಗೆ ಬಂದ ಹಾಗೆ.”

“ಏನಾಗಿದೆ ಮೇಡಂ ನಿಮಗೆ? ಬಿಸಿಲು ಬಡಿದಿದೆಯಾ?” ಎಂದಳು ಇಸ್ತ್ರಿಯಕ್ಕ.

ಆ ವಾರ ಮೇಡಂ ಏರುಬೀದಿಯ ಮನೆಮನೆಗೂ ಅಲೆದರು. ಈ ಸಲ ‘ಸಾಕಾ’ ಎಂದು ಕೇಳಲಿಲ್ಲ. ನಿನ್ನೆ ಪಾತ್ರೆ ಯಾವಾಗ ತೊಳೆದಿರಿ? ಬಟ್ಟೆ ಎಲ್ಲಿ ಒಗೆದಿರಿ? ಮಹಡಿಗೆ ನೀರು ಹೊರುವವರು ಯಾರು? ಹೀಗೆ ಕೇಳಿದಾಗ ಜನ ಕಟ್ಟೆಯೊಡೆದಂತೆ ಮಾತಾಡಿದರು. ಒಬ್ಬಳು ತಂಗಿಯ ಮನೆಗೆ ಹೋಗಿ ಬಟ್ಟೆ ಒಗೆಯುತ್ತಿದ್ದಳು. ಒಂದು ಮನೆಯಲ್ಲಿ ನಲ್ಲಿಯ ಸರದಿಗಾಗಿ ಅತ್ತೆ ಸೊಸೆ ಮಾತು ಬಿಟ್ಟಿದ್ದರು. ಆದರೆ ಇದನ್ನೆಲ್ಲ ಸಭೆಯಲ್ಲಿ ಬಂದು ಹೇಳಿ ಎಂದ ಕೂಡಲೇ ಎಲ್ಲರದೂ ಒಂದೇ ರಾಗ. “ನಿಮ್ಮ ಮೇಲೆ ದೂರಾ? ಛೆ ಛೆ! ಕೂತ್ಕೊಳ್ಳಿ, ಚಹಾ ಕುಡೀರಿ.” ದಿನವೂ ಸಂಜೆಯಾಗುವಷ್ಟರಲ್ಲಿ ಹೊಟ್ಟೆ ತುಂಬ ಚಹಾ ಆಗಿರುತ್ತಿತ್ತು, ದೂರು ಒಂದೂ ಸಿಕ್ಕಿರುತ್ತಿರಲಿಲ್ಲ. ಅದೂ ಅಷ್ಟು ಕಷ್ಟಪಟ್ಟು ಹಿಡಿದ ನೀರಿನಲ್ಲಿ ಮಾಡಿದ ಚಹಾ. ಬೇಡವೆಂದರೆ ಬೇಸರ, ಕುಡಿದರೆ ಸಂಕಟ.

ಒಂದು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತ ಅತ್ತೆಯ ಹತ್ತಿರ ಎಲ್ಲ ಹೇಳಿಕೊಂಡರು. ಅತ್ತೆ ಬಟಾಣಿ ಸುಲಿಯುತ್ತಿದ್ದರು.

“ನಿನ್ನ ಬೈಯೋಕೆ ಜನ ಸಿಗ್ತಾ ಇಲ್ವಾ?” ಎಂದರು. “ನಾನು ಬರ್ಲಾ? ನನಗೆ ಒಳ್ಳೇ ಅಭ್ಯಾಸ ಇದೆ.”

ಮೇಡಂ ನಗುತ್ತ ಪಕ್ಕದಲ್ಲಿ ಕೂತು ತಾವೂ ಸುಲಿಯತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಸೊಸೆಯ ಮುಖ ನೋಡದೆ ಕೇಳಿದರು. “ನಿಜವಾಗ್ಲೂ ಎತ್ತಂಗಡಿ ಮಾಡಿದ್ರೆ?”

“ಮಾಡ್ಲಿ ಅತ್ತೆ.”

“ದೂರದ ಊರಿಗೆ ಹಾಕಿದ್ರೆ?”

“ಅಲ್ಲೂ ನೆಲದಡೀಲಿ ಪೈಪು ಇರುತ್ತಲ್ಲ.”

ಅತ್ತೆ ಸಿಪ್ಪೆಗಳನ್ನು ಮೊರದಿಂದ ಬಾಚಿ ತೆಗೆಯುತ್ತ, “ಅವನು ಚಿತ್ರ ಬರ್ಕೊಂಡು ಇಲ್ಲೇ ಇರ್ಲಿ. ನಾನು ನಿನ್ನ ಜೊತೆ ಬರ್ತೀನಿ” ಎಂದರು. ಮೇಡಂ ಮೊರವನ್ನು ಅವರ ಕೈಯಿಂದ ತೆಗೆದುಕೊಂಡರು.

ಸಭೆ ಕಚೇರಿಯ ದೊಡ್ಡ ಹಾಲಿನಲ್ಲಿ. ಮೇಲೆ ಫ್ಯಾನುಗಳು ಕಿರ್ ಕಿರ್ ಎನ್ನುತ್ತಿದ್ದವು. ಒಂದು ಕಡೆ ಪೇಟೆಬೀದಿಯವರು ಎದೆಯುಬ್ಬಿಸಿಕೊಂಡು ಕೂತಿದ್ದರು, ಇನ್ನೊಂದು ಕಡೆ ಏರುಬೀದಿಯವರು ಶಾಲೆಗೆ ಮೊದಲ ದಿನ ಬಂದ ಮಕ್ಕಳ ಹಾಗೆ ಮುದುರಿಕೊಂಡು ಕೂತಿದ್ದರು. ಹೋಟೆಲ್ ಮಾಲೀಕರು ಒಂದು ಬಾಟಲಿಯಲ್ಲಿ ಕಂದು ಬಣ್ಣದ ನೀರು ತಂದು ಮೇಜಿನ ಮೇಲಿಟ್ಟು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ದೊಡ್ಡ ಸಾಹೇಬರು ತಲೆದೂಗಿ, “ಏರುಬೀದಿಯವರು ಏನಾದ್ರೂ ಹೇಳೋದಿದೆಯಾ?” ಎಂದರು.

ಯಾರೂ ಏಳಲಿಲ್ಲ. ಮೇಡಂ ಒಬ್ಬೊಬ್ಬರ ಮುಖ ನೋಡಿದರು. ಒಬ್ಬೊಬ್ಬರೂ ತಲೆ ತಗ್ಗಿಸಿ ನೆಲ ನೋಡತೊಡಗಿದರು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

“ಸಾರ್, ಒಂದು ನಿಮಿಷ” ಎಂದು ಮೇಡಂ ಎದ್ದು ನಿಂತರು. “ಇವರ ಪರವಾಗಿ ನಾನು ಮಾತಾಡೋ ಹಾಗಿಲ್ಲ, ಗೊತ್ತು. ನನ್ನ ತಪ್ಪು ಮಾತ್ರ ಹೇಳ್ತೀನಿ. ನಾನು ಇವರನ್ನ ಸಾಕಾ ಅಂತ ಕೇಳಿದೆ. ಮುಖ ನೋಡಿ ದಾಕ್ಷಿಣ್ಯಕ್ಕೆ ಮಾತಾಡೋ ಜನರನ್ನ ಹಾಗೆ ಕೇಳಬಾರದಿತ್ತು.” ಆಮೇಲೆ ಏರುಬೀದಿಯವರ ಕಡೆ ತಿರುಗಿದರು. “ನೀವು ನನ್ನನ್ನ ಕಾಪಾಡ್ತಾ ಇದೀರಿ ಅಂದ್ಕೊಂಡಿದೀರಿ. ನಿಮ್ಮ ಮನೆ ಮಹಡಿಗೆ ನೀರು ಹತ್ತದೇ ಇದ್ರೆ ನಾನು ಈ ಕುರ್ಚೀಲಿ ಕೂತು ಮಾಡೋದಾದ್ರೂ ಏನು? ಅಂಥ ಮೇಡಂನ ಇಟ್ಕೊಂಡು ಏನು ಮಾಡ್ತೀರಿ, ಉಪ್ಪಿನಕಾಯಿ ಹಾಕ್ತೀರಾ?”

ಯಾರೋ ಕಿಸಕ್ಕೆಂದು ನಕ್ಕರು. ಹಿಂದಿನ ಸಾಲಿನಿಂದ ಇಸ್ತ್ರಿಯಕ್ಕ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮುಖ ಕೆಂಪಾಗಿತ್ತು.

“ಸಾಹೇಬ್ರೆ, ಈ ಮೇಡಂ ಮೇಲೆ ದೂರು ಕೊಡ್ಬೇಕು” ಎಂದಳು.

ಸಾಹೇಬರು ಪೆನ್ನು ಕೆಳಗಿಟ್ಟರು.

“ನಮ್ಮ ಮಾವ ವರ್ಷಗಟ್ಟಲೆ ಬೀದಿ ಬದೀಲಿ ಕೂತು ಸ್ನಾನ ಮಾಡ್ತಾರೆ. ಈ ಮೇಡಂ ತಿಂಗಳಿಗೆ ಹತ್ತು ಸಲ ನಮ್ಮ ಬೀದಿಗೆ ಬರ್ತಾರೆ, ಮುಚ್ಚಳ ತಟ್ತಾರೆ, ಹೋಗ್ತಾರೆ. ಒಂದು ದಿನ ಆದ್ರೂ ತಲೆಯೆತ್ತಿ ಮಹಡಿ ನೋಡಿದ್ರಾ? ಕೇಳಿ ಅವರನ್ನ! ಪೈಪು ಸರಿಯಿಲ್ಲ ಅಂತ ಇವರಿಗೆ ನಮಗಿಂತ ಮೊದಲು ಗೊತ್ತು. ಮತ್ತೆ ಯಾಕೆ ನಮ್ಮ ಹತ್ರ ಬಂದು ಸಾಕಾ ಸಾಕಾ ಅಂತ ಕೇಳ್ಬೇಕು? ಸಾಲದು! ಸಾಲದು, ಸಾಲದು, ಸಾಲದು!” ಎಂದು ಕೂಗುತ್ತ ಕೂಗುತ್ತ ಅವಳಿಗೆ ಅಳು ಬಂದುಬಿಟ್ಟಿತು.

ಒಬ್ಬಳು ಬಾಯಿ ತೆರೆದದ್ದೇ ತಡ, ಬೀದಿಯೇ ಎದ್ದು ನಿಂತಿತು. ತಂಗಿಯ ಮನೆಯಲ್ಲಿ ಬಟ್ಟೆ ಒಗೆಯುವವಳು ಎದ್ದಳು. ಮಾತು ಬಿಟ್ಟಿದ್ದ ಅತ್ತೆ ಸೊಸೆ ಒಟ್ಟಿಗೆ ಎದ್ದು ಒಬ್ಬರ ಮಾತು ಒಬ್ಬರು ಮುಗಿಸುತ್ತ ಬೈದರು. ಮೇಡಂ ನಿಂತಲ್ಲೇ ನಿಂತು ಎಲ್ಲವನ್ನೂ ಬೈಸಿಕೊಂಡರು. ಕೆಲವು ಬೈಗುಳ ನಿಜವಾಗಿಯೂ ನಾಟಿದವು. ತಲೆಯೆತ್ತಿ ಮಹಡಿ ನೋಡಲಿಲ್ಲ ಎಂಬ ಮಾತನ್ನು ಅವರು ಎಂದೂ ಮರೆಯಲಿಲ್ಲ.

ದೊಡ್ಡ ಸಾಹೇಬರು ಮೇಜು ತಟ್ಟಿ ತಟ್ಟಿ ಸಾಕಾದರು. ಗದ್ದಲ ಇಳಿದ ಮೇಲೆ ಗಂಭೀರವಾಗಿ ಇಸ್ತ್ರಿಯಕ್ಕನನ್ನು ಕೇಳಿದರು. “ಇಷ್ಟೊಂದು ದೂರು ಇದೆ ಅಂದ್ಮೇಲೆ ಬದಲಾಯಿಸಬೇಕಾಗುತ್ತೆ. ಬದಲಾಯಿಸಲಾ?”

“ಪೈಪು ಬದಲಾಯಿಸಿ ಸ್ವಾಮಿ!” ಎಂದಳು ಇಸ್ತ್ರಿಯಕ್ಕ ಕಣ್ಣೊರೆಸಿಕೊಳ್ಳುತ್ತ. “ಮೇಡಂನ ಮುಟ್ಟೀರಿ, ಜೋಕೆ! ನಮ್ಮೋರನ್ನ ನಾವು ಬೈದ್ರೆ ನಿಮಗೇನು?”

ಸಾಹೇಬರು ನಕ್ಕಿದ್ದನ್ನು ಇಲಾಖೆಯವರು ನೋಡಿದ್ದು ಅದೇ ಮೊದಲು. ಹೋಟೆಲ್ ಮಾಲೀಕರು ತಮ್ಮ ಬಾಟಲಿಯನ್ನು ನೋಡಿದರು, ಏರುಬೀದಿಯವರನ್ನು ನೋಡಿದರು. ಅವರೂ ಒಂದು ಕಾಲದಲ್ಲಿ ಅಂಚೆಯಣ್ಣನ ಕೈಯಿಂದ ಕಾಗದ ತೆಗೆದುಕೊಂಡವರು. “ಅವರದ್ದು ಮೊದಲು ಆಗ್ಲಿ ಬಿಡಿ ಸಾರ್. ಆದ್ರೆ ಆಮೇಲಿನ ಸರದಿ ನಮ್ಮದು, ಈಗ್ಲೇ ಬರ್ಕೊಳ್ಳಿ” ಎಂದು ಗೊಣಗಿ ಕೂತರು. ಮರುದಿನವೇ ಮೇಡಂ ಪೇಟೆಬೀದಿಯ ಪೈಪು ತೊಳೆಸಲು ಜನ ಕಳಿಸಿದರು. ಕಂದು ಬಣ್ಣ ಪೂರ್ತಿ ಹೋಗಲಿಲ್ಲ, ಕುಡಿಯುವ ಮಟ್ಟಿಗೆ ತಿಳಿಯಾಯಿತು.

ಸಭೆಯ ವರದಿಯಲ್ಲಿ ಮೇಡಂ ಹೆಸರಿನ ಮುಂದೆ ‘ಸಾರ್ವಜನಿಕರ ತೀವ್ರ ಅಸಮಾಧಾನ’ ಎಂದು ಬರೆಯಲೇಬೇಕಾಯಿತು. ಅದು ಇಂದಿಗೂ ಅಲ್ಲೇ ಇದೆ. ಆ ವರ್ಷ ಬಡ್ತಿ ಬೇರೆಯವರಿಗೆ ಹೋಯಿತು. ಎತ್ತಂಗಡಿ ಮಾತ್ರ ಆಗಲಿಲ್ಲ. ಇದನ್ನು ಕೇಳಿ ಮೇಡಂ ಅತ್ತೆ, “ಗಂಟುಮೂಟೆ ಕಟ್ಟೋ ಕೆಲಸ ಉಳೀತು” ಎಂದರಷ್ಟೇ. ನನ್ನನ್ನು ಕೇಳಿದರೆ, ಯಾವ ಕಚೇರಿಯಲ್ಲೂ ಯಾರ ಹೆಸರಿನ ಮುಂದೂ ಅದಕ್ಕಿಂತ ದೊಡ್ಡ ಪ್ರಶಸ್ತಿ ಬರೆದಿರಲಾರರು.

ಏರುಬೀದಿಯನ್ನು ಉದ್ದಕ್ಕೂ ಅಗೆದರು. ಜನ ಹಲಗೆಗಳ ಮೇಲೆ ಸರ್ಕಸ್ ಮಾಡಿಕೊಂಡು ಮನೆ ಸೇರುತ್ತಿದ್ದರು, ಧೂಳು ಕುಡಿಯುತ್ತಿದ್ದರು, ಮೇಡಂ ಕಂಡರೆ ಈಗ ಸಂಕೋಚವಿಲ್ಲದೆ ಬೈಯುತ್ತಿದ್ದರು. ಹೊಸ ಪೈಪು ಇಳಿಯಿತು, ಕೀಲು ಕೀಲೂ ಪರೀಕ್ಷೆಯಾಯಿತು, ಗುಂಡಿ ಮುಚ್ಚಿತು. ನೀರು ಬಿಟ್ಟ ಬೆಳಗ್ಗೆ ಮೇಡಂ ಗುಂಡಿಯ ಹತ್ತಿರ ನಿಲ್ಲಲಿಲ್ಲ. ವಾಲ್ವಿನವನಿಗೆ ಸನ್ನೆ ಮಾಡಿ, ಇಸ್ತ್ರಿ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ ಮಹಡಿಗೆ ಹೋದರು.

ಬಚ್ಚಲುಮನೆಯಿಂದ ಬಟ್ಟೆಗಂಟುಗಳು ಹೊರಗೆ ಬಂದಿದ್ದವು. ಒಳಗೆ ಒಂದು ಸ್ಟೂಲು, ತಂತಿಯ ಮೇಲೆ ಟವೆಲ್. ಅಂಚೆಯಣ್ಣ ಕೋಲೂರಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಲ್ಲಿ ಮೊದಲು ಗಾಳಿ ಬಿಟ್ಟಿತು, ಕೆಮ್ಮಿತು, ಒಂದಿಷ್ಟು ಕೆಸರು ಉಗುಳಿತು. ಆಮೇಲೆ ನೀರು ಧೋ ಎಂದು ಬಿತ್ತು. ಇಸ್ತ್ರಿಯಕ್ಕ ಬಕೆಟ್ ಇಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಂಚೆಯಣ್ಣ ನಿಧಾನವಾಗಿ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು.

“ಮಾವ, ಚಿಲಕ ಹಾಕ್ಬೇಡಿ!” ಎಂದು ಸೊಸೆ ಗಾಬರಿಯಿಂದ ಕೂಗಿದಳು. “ಜಾರಿ ಬಿದ್ರೆ ಏನು ಮಾಡೋದು?”

“ಬಿದ್ರೆ ಕೂಗ್ತೀನಿ” ಎಂದರು ಒಳಗಿನಿಂದ. “ಈಗ ಎಲ್ಲರೂ ಕೆಳಗೆ ಹೋಗಿ.”

ಚಿಲಕ ಬಿದ್ದ ಸದ್ದು ಕೇಳಿಸಿತು. ಮೇಡಂ ಇಸ್ತ್ರಿಯಕ್ಕನ ಕೈ ಹಿಡಿದುಕೊಂಡು ಮೆಟ್ಟಿಲಿಳಿದರು.